ಬೇಸ್‌ಬಾಲ್‌ನ ವಿದೇಶಿ ಹುಡುಗರ ಬೋನಸ್ ಲೆಕ್ಕ ಹಾಕುವುದು ಹೇಗೆ

ಹೊರದೇಶದ ಆಟಗಾರನೊಬ್ಬ ಅಮೆರಿಕದ ಮೇಜರ್ ಲೀಗ್ ತಂಡಕ್ಕೆ ಸೇರಿದ ಎಂಬ ಸುದ್ದಿ ಬಂದರೆ ನಾನು ಮೊದಲು ದುಡ್ಡು ನೋಡುವುದಿಲ್ಲ, ವಯಸ್ಸು ನೋಡುತ್ತೇನೆ. ಟ್ಯಾಕ್ಸ್ ಲೆಕ್ಕ ಬರೆಯುವ ಕೆಲಸ ನನ್ನದು. ಯಾವ ನಿಯಮ ಯಾರಿಗೆ ಅನ್ವಯಿಸುತ್ತದೆ ಅಂತ ಮೊದಲು ನೋಡುವುದು ರೂಢಿ.

ಮಿತಿಯೇ ಇಲ್ಲದೆ ದುಡ್ಡು ಪಡೆಯಬೇಕಾದರೆ ಆಟಗಾರನಿಗೆ 25 ತುಂಬಿರಬೇಕು, ಜೊತೆಗೆ ವಿದೇಶಿ ವೃತ್ತಿಪರ ಲೀಗ್‌ನಲ್ಲಿ 6 ವರ್ಷ ಆಡಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅವನ ಬೋನಸ್, ಅಂದರೆ ತಂಡ ಸೇರುವಾಗ ಸಿಗುವ ದುಡ್ಡು, ತಂಡದ ‘ಬೋನಸ್ ಪೂಲ್’ನಿಂದಲೇ ಹೋಗಬೇಕು. ಪೂಲ್ ಅಂದರೆ ಇಂಥ ವಿದೇಶಿ ಹುಡುಗರಿಗಾಗಿ ತಂಡ ಒಂದು ಅವಧಿಯಲ್ಲಿ ಖರ್ಚು ಮಾಡಬಹುದಾದ ಮೊತ್ತ. ಈ ಗೆರೆ ಎಷ್ಟು ದೊಡ್ಡದು ನೋಡಿ. ಜಪಾನಿನ ಯೊಶಿನೊಬು ಯಮಮೊಟೊ 25ಕ್ಕೆ ಬಂದರು, ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಜೊತೆ 12 ವರ್ಷಕ್ಕೆ 32.5 ಕೋಟಿ ಡಾಲರ್ ಒಪ್ಪಂದ ಆಯಿತು. ರೋಕಿ ಸಸಾಕಿ 23ಕ್ಕೇ ಅದೇ ತಂಡಕ್ಕೆ ಬಂದರು. ಸಿಕ್ಕ ಬೋನಸ್ 65 ಲಕ್ಷ ಡಾಲರ್.

ಆಮೇಲೆ ಪೂಲ್‌ನಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿ. ಜನವರಿ 15ಕ್ಕೆ ಹೊಸ ಪೂಲ್ ಶುರುವಾಗುತ್ತದೆ, ಡಿಸೆಂಬರ್ 15ಕ್ಕೆ ಮುಗಿಯುತ್ತದೆ. ಐಪಿಎಲ್ ಹರಾಜಿನ ಪರ್ಸ್ ಇದ್ದಂತೆ, ಖಾಲಿಯಾದರೆ ಮುಗಿಯಿತು. ಆದರೆ ಇಲ್ಲಿ ಎಲ್ಲರಿಗೂ ಒಂದೇ ಮೊತ್ತ ಇಲ್ಲ. 2025ರಲ್ಲಿ ಡಾಡ್ಜರ್ಸ್ ಪಾಲಿಗೆ ಬಂದಿದ್ದು ಸುಮಾರು 51 ಲಕ್ಷ ಡಾಲರ್ ಮಾತ್ರ. ಮತ್ತೆ 65 ಲಕ್ಷ ಹೇಗೆ ಕೊಟ್ಟರು? ಕಿರಿಯ ಆಟಗಾರರನ್ನು ಫಿಲಡೆಲ್ಫಿಯಾ, ಸಿನ್ಸಿನಾಟಿ ತಂಡಗಳಿಗೆ ಕೊಟ್ಟು ಅವರ ಪೂಲ್‌ನ ಭಾಗ ತೆಗೆದುಕೊಂಡರು. ಹಾಗಾಗಿ ಆಟಗಾರ ಸೇರುವ ಹೊತ್ತಿನ ಇಂಥ ಅದಲು ಬದಲುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. 10,000 ಡಾಲರ್‌ವರೆಗಿನ ಬೋನಸ್‌ಗಳನ್ನು ಬಿಟ್ಟುಬಿಡಿ, ಅವು ಪೂಲ್‌ಗೆ ಸೇರುವುದಿಲ್ಲ.

ದಂಡದ ವಿಷಯದಲ್ಲಿ ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. 2017ರ ಜುಲೈಗೆ ಮುಂಚೆ ಮಿತಿ ದಾಟಬಹುದಿತ್ತು, ದಾಟಿದಷ್ಟಕ್ಕೆ ಅಷ್ಟೇ ಮೊತ್ತ ತೆರಿಗೆ ಕಟ್ಟಬೇಕಿತ್ತು. 2015ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಕ್ಯೂಬಾದ ಯೋನ್ ಮೊಂಕಾಡಾಗೆ 3.15 ಕೋಟಿ ಡಾಲರ್ ಕೊಟ್ಟು, ಇನ್ನೊಂದು 3.15 ಕೋಟಿ ತೆರಿಗೆ ಕಟ್ಟಿತು. 15 ಪರ್ಸೆಂಟ್‌ಗಿಂತ ಜಾಸ್ತಿ ದಾಟಿದ್ದರಿಂದ ಮುಂದಿನ ಎರಡು ಅವಧಿ ಯಾರಿಗೂ 3 ಲಕ್ಷ ಡಾಲರ್ ಮೀರಿ ಕೊಡುವಂತಿರಲಿಲ್ಲ. ಅದನ್ನು ತಪ್ಪಿಸಲು ಒಬ್ಬನ ದುಡ್ಡನ್ನು ಹಲವರ ಹೆಸರಿಗೆ ಹಂಚಿ ವೆನೆಜುವೆಲಾದ ಹುಡುಗರನ್ನು ಗುಂಪಾಗಿ ಸೇರಿಸಿಕೊಂಡಿದ್ದು ಗೊತ್ತಾದಾಗ 5 ಜನರನ್ನು ಬಿಡಬೇಕಾಯಿತು, ಹೊಸ ವಿದೇಶಿ ಹುಡುಗರನ್ನು ಸೇರಿಸಿಕೊಳ್ಳದಂತೆ ಒಂದು ಅವಧಿಯ ನಿಷೇಧವೂ ಬಿತ್ತು.

ಈಗ ತೆರಿಗೆ ಕಟ್ಟಿ ದಾಟುವ ದಾರಿಯೇ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಉಳಿಯುವುದು ಶ್ರೀಮಂತ ಮಾಲೀಕರ ದುಡ್ಡು, ಕಳೆದುಕೊಳ್ಳುವುದು ಡೊಮಿನಿಕನ್ ಗಣರಾಜ್ಯದ ಹದಿನಾರರ ಹುಡುಗ, ಅಲ್ವಾ? ಹಣ ಮುಚ್ಚಿಟ್ಟವರಿಗೆ ಮಾತ್ರ ಶಿಕ್ಷೆ ಕಠಿಣವಾಗಿಯೇ ಇರಲಿ. 2017ರ ನವೆಂಬರ್‌ನಲ್ಲಿ ಅಟ್ಲಾಂಟಾ ಬ್ರೇವ್ಸ್ 13 ಹುಡುಗರನ್ನು ಕಳೆದುಕೊಂಡಿತು. ಒಬ್ಬನ ಬೋನಸ್ಸನ್ನು ಇನ್ನೊಬ್ಬನ ಹೆಸರಿನಲ್ಲಿ ತೋರಿಸಿದ್ದರು. ಆ ಹುಡುಗರು ಮಾತ್ರ ಪಡೆದ ಬೋನಸ್ ಇಟ್ಟುಕೊಂಡೇ ಬೇರೆ ತಂಡ ಸೇರಬಹುದು ಎಂದು ಲೀಗ್ ಹೇಳಿತು.