60 ಕಾರ್ಡನ್ನು ಮೋಸವಿಲ್ಲದೆ ಕಲಸುವುದು ಹೇಗೆ?

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ‘ಮ್ಯಾಜಿಕ್: ದ ಗ್ಯಾದರಿಂಗ್’ ಅನ್ನೋ ಕಾರ್ಡಾಟ ಆಡೋಕೆ ಶುರು ಮಾಡಿದ ಹೊಸದು. ಪ್ರತಿ ಆಟ ಮುಗಿದ ಮೇಲೆ ಲ್ಯಾಂಡ್ ಕಾರ್ಡುಗಳನ್ನು (ಆಟಕ್ಕೆ ಶಕ್ತಿ ಕೊಡುವವು) ಬೇರೆ ಮಾಡಿ, ಎರಡು ಸ್ಪೆಲ್ಲಿಗೆ (ಆ ಶಕ್ತಿ ಖರ್ಚು ಮಾಡಿ ಆಡುವ ಕಾರ್ಡು) ಒಂದು ಲ್ಯಾಂಡ್ ಅಂತ ಹೂ ಕಟ್ಟಿದ ಹಾಗೆ ಜೋಡಿಸುತ್ತಿದ್ದೆ. ಆಮೇಲೆ ಎರಡು ಮೂರು ಸಲ ಕಲಸಿದ ಶಾಸ್ತ್ರ. ಬೆಂಗಳೂರಿನಲ್ಲಿ ಒಂದು ಭಾನುವಾರದ ಟೂರ್ನಮೆಂಟಿನಲ್ಲಿ ಎದುರು ಕೂತಿದ್ದ ಹುಡುಗ ಕೈ ಎತ್ತಿ ‘ಜಡ್ಜ್!’ ಅಂದ. ಜಡ್ಜ್ ಬಂದು ಕೇಳಿದ್ದು ಇಷ್ಟೇ: ‘ಚೆನ್ನಾಗಿ ಕಲಸಿದರೆ ಈ ಜೋಡಣೆ ಉಳಿಯಲ್ಲ, ಅಲ್ವಾ? ಮತ್ತೆ ಯಾಕೆ ಜೋಡಿಸಿದ್ರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರ್ನಿಂಗ್ ಸಿಕ್ಕಿತು. ಈಗ ನಾನೇ ಜಡ್ಜ್ ಆಗಿ ಟೇಬಲ್ಲುಗಳ ಮಧ್ಯೆ ಓಡಾಡುತ್ತೇನೆ, ಅದೇ ಪ್ರಶ್ನೆ ಕೇಳುತ್ತೇನೆ.

ಆಟಕ್ಕೆ ಮುಂಚೆ ಕಾರ್ಡುಗಳನ್ನು ಗುಡ್ಡೆ ಗುಡ್ಡೆಯಾಗಿ ಹಂಚಿ ಎಣಿಸಿ. 60 ಇವೆಯಾ ಅಂತ ನೋಡೋದಕ್ಕೆ ಮಾತ್ರ ಇದು. ಒಂದು ಆಟಕ್ಕೆ ಒಂದೇ ಸಲ, ಅದೂ ಶುರುವಿನಲ್ಲಿ. ಗುಡ್ಡೆ ಹಾಕಿದರೆ ಕಾರ್ಡು ಕಲೆಯುವುದಿಲ್ಲ, ಬೇರೆ ಕ್ರಮದಲ್ಲಿ ಕೂರುತ್ತವೆ ಅಷ್ಟೇ.

ಈಗ ನಿಜವಾದ ಕಲಸಾಟ. ಡೆಕ್ಕನ್ನು, ಅಂದರೆ ಕಾರ್ಡಿನ ಕಟ್ಟನ್ನು, ಸರಿಸುಮಾರು ಅರ್ಧ ಮಾಡಿ, ಒಂದು ಅರ್ಧದ ಅಂಚನ್ನು ಇನ್ನೊಂದರ ಅಂಚಿಗೆ ತಾಗಿಸಿ ಮೆಲ್ಲಗೆ ಒಳಗೆ ತೂರಿಸಿ. ಸ್ಲೀವ್ (ಪ್ಲಾಸ್ಟಿಕ್ ಕವರ್) ಹಾಕಿದ ಕಾರ್ಡಿಗೆ ಇದೇ ಸುಲಭ, ಬಾಗಿಸುವ ಗೋಜಿಲ್ಲ. ಎಷ್ಟು ಸಲ? 52 ಎಲೆಯ ಇಸ್ಪೀಟ್ ಕಟ್ಟಿಗೆ ಸುಮಾರು ಏಳು ರಿಫಲ್ (ಹೀಗೆ ಎರಡು ಅರ್ಧವನ್ನು ಒಂದರೊಳಗೊಂದು ಸೇರಿಸುವುದು) ಬೇಕು ಅಂತ 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಲೆಕ್ಕ ಹಾಕಿ ತೋರಿಸಿದರು. ಡಯಾಕೊನಿಸ್ ಗಣಿತಕ್ಕೆ ಬರುವ ಮುಂಚೆ ಜಾದೂಗಾರರಾಗಿದ್ದವರು, ಎಲೆಯ ಮೋಸ ಅವರಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮದು 60, ಕೈಯೂ ಅಷ್ಟು ನಾಜೂಕಲ್ಲ. ನಾನು ಒಂಬತ್ತು ಹತ್ತು ಸಲ ಮಾಡುತ್ತೇನೆ. ಮದುವೆ ಛತ್ರದಲ್ಲಿ ರಮ್ಮಿಗೆ ಕೂತ ಮಾವಂದಿರು ಕೈಯಿಂದ ಕೈಗೆ ಉದುರಿಸುತ್ತಾರಲ್ಲ, ಆ ರೀತಿಯನ್ನೇ ನೆಚ್ಚಿಕೊಂಡರೆ ಸಾವಿರಾರು ಸಲ ಉದುರಿಸಬೇಕು!

ಕಲಸುವಾಗ ಡೆಕ್ಕನ್ನು ನಿಮ್ಮ ಕಡೆಗೆ ವಾಲಿಸಬೇಡಿ. ತಳದ ಕಾರ್ಡು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿಂದ ಕಲಸಬೇಕು. ಎದುರಾಳಿಯ ಡೆಕ್ ಕಲಸುವಾಗಲೂ ಅಷ್ಟೇ: ಕಣ್ಣು ಡೆಕ್ಕಿನ ಮೇಲೆ ಬೇಡ, ಅವರ ಮುಖ ನೋಡಿ. ಸ್ವಲ್ಪ ಮುಜುಗರ ಆಗುತ್ತೆ, ಪರವಾಗಿಲ್ಲ. ಕಾಂಪಿಟಿಟಿವ್ ಮಟ್ಟದಲ್ಲಿ, ಅಂದರೆ ನಿಯಮ ಬಿಗಿಯಾಗಿರುವ ಟೂರ್ನಮೆಂಟುಗಳಲ್ಲಿ, ಎದುರಾಳಿಯ ಡೆಕ್ ಕಲಸುವುದು ಕಡ್ಡಾಯ. ‘ನಂಬಿಕೆ ಇದೆ ಬಿಡಿ’ ಅನ್ನುವ ದಾಕ್ಷಿಣ್ಯ ಅಲ್ಲಿ ನಡೆಯಲ್ಲ. ಆಟದ ನಡುವೆ ಡೆಕ್ಕಿನಲ್ಲಿ ಕಾರ್ಡು ಹುಡುಕಿದ ಮೇಲೂ ಪೂರ್ತಿ ಕಲಸಬೇಕು. ಸುಸ್ತಾದವರು ಕಲಸುವುದರಲ್ಲಿ ಜಿಪುಣತನ ಮಾಡುವುದು ಇಲ್ಲೇ.

ಜಡ್ಜ್ ಆಗಿ ನಾನು ಮೊದಲು ನೋಡುವುದು ಸ್ಲೀವ್. ಡೆಕ್ಕನ್ನು ಮಟ್ಟ ಮಾಡಿ ಪಕ್ಕದಿಂದ ಬೆಳಕಿಗೆ ಹಿಡಿಯುತ್ತೇನೆ. ಸವೆದ ನಾಲ್ಕು ಸ್ಲೀವಿನಲ್ಲಿ ಬೇರೆ ಬೇರೆ ಕಾರ್ಡುಗಳಿದ್ದರೆ ಬರೀ ವಾರ್ನಿಂಗ್. ನಾಲ್ಕರಲ್ಲೂ ಒಂದೇ ಥರದ ಕಾರ್ಡು ಇದ್ದರೆ ಸವೆತ ನೋಡಿಯೇ ಕಾರ್ಡು ಗುರುತು ಹಿಡಿಯಬಹುದು, ಆಗ ಗೇಮ್ ಲಾಸ್ (ಆ ಆಟ ಸೋತ ಹಾಗೆ) ತನಕ ಹೋಗಬಹುದು. ಸಾಕಷ್ಟು ಕಲಸದಿರುವುದಕ್ಕೂ ವಾರ್ನಿಂಗೇ. ಬೇಕಂತಲೇ ಮಾಡಿದ್ದು ಅಂತ ಗೊತ್ತಾದರೆ ಟೂರ್ನಮೆಂಟಿನಿಂದಲೇ ಹೊರಗೆ. ಅದಕ್ಕೇ ನಾನು ಅವಸರ ಮಾಡಲ್ಲ, ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಮಾತಾಡಿಸುತ್ತೇನೆ.

‘ಮೂರು ಆಟದಲ್ಲೂ ಲ್ಯಾಂಡೇ ಬರಲಿಲ್ಲ, ಏನೋ ನಡೆದಿದೆ’ ಅನ್ನುವ ದೂರು ವಾರಕ್ಕೊಂದಾದರೂ ಬರುತ್ತೆ. 60ರಲ್ಲಿ 24 ಲ್ಯಾಂಡ್ ಇಟ್ಟು ಪ್ರಾಮಾಣಿಕವಾಗಿ ಕಲಸಿದರೂ, ಮೊದಲ ಏಳು ಕಾರ್ಡಿನಲ್ಲಿ ಒಂದು ಲ್ಯಾಂಡ್ ಅಥವಾ ಸೊನ್ನೆ ಬರುವುದು ಸುಮಾರು ಏಳು ಕೈಗೊಮ್ಮೆ. ಚೆನ್ನಾಗಿ ಕಲಸಿದ ಡೆಕ್ಕಿನಲ್ಲೂ ಲ್ಯಾಂಡುಗಳು ಗುಂಪುಗುಂಪಾಗಿ ಇದ್ದೇ ಇರುತ್ತವೆ. ಒಂದೇ ಒಂದು ಗುಂಪೂ ಇಲ್ಲದೆ ಹೂಮಾಲೆ ಥರ ಬಂದರೆ ನನಗೆ ಅನುಮಾನ.

ಅನುಮಾನ ಬಂದರೆ ಜಗಳ ಬೇಡ, ಕಾರ್ಡು ಮುಟ್ಟಬೇಡಿ, ಕೈ ಎತ್ತಿ. ತೀರ್ಪು ಒಪ್ಪಿಗೆ ಆಗದಿದ್ದರೆ ಹೆಡ್ ಜಡ್ಜ್ ಹತ್ತಿರ ಮೇಲ್ಮನವಿ ಮಾಡಬಹುದು. ಅಂದ ಹಾಗೆ, ಜಡ್ಜ್ ಒಂದು ನಿಮಿಷಕ್ಕಿಂತ ಜಾಸ್ತಿ ತಗೊಂಡರೆ ಅವರು ಹೊರಡುವ ಮುಂಚೆ ಎಕ್ಸ್‌ಟ್ರಾ ಟೈಮ್ ಕೇಳಿ. ನಾವೂ ಕೆಲವೊಮ್ಮೆ ಮರೆಯುತ್ತೇವೆ.