ಹೊಸ ಸ್ಟವ್ ಕೊಳ್ಳುವ ಮುಂಚೆ ಮನೆಯ ಪಾತ್ರೆ ಅಳೆಯಿರಿ

ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಸ್ಟವ್‌ಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ಕಪ್ಪು ಗಾಜು, ಹೊಳೆಯುವ ಹಿತ್ತಾಳೆ ಬರ್ನರ್, ಮೂರು ಒಲೆ, ನಾಲ್ಕು ಒಲೆ. ಮನೆಗೆ ತಂದು ಒಂದು ಕಡೆ ದೋಸೆ ಕಾವಲಿ, ಇನ್ನೊಂದು ಕಡೆ ಕುಕ್ಕರ್ ಇಟ್ಟಾಗಲೇ ನಿಜ ಗೊತ್ತಾಗುವುದು. ಎರಡೂ ಒಂದಕ್ಕೊಂದು ತಾಗುತ್ತವೆ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಆಸೆಪಟ್ಟು ಮೂರು ಒಲೆಯ ಸ್ಟವ್ ತಂದೆವು. ಆರು ವರ್ಷ ಅದರ ನಡುವಿನ ಒಲೆಯ ಮೇಲೆ ಹಾಲಿನ ಸಣ್ಣ ಪಾತ್ರೆ ಬಿಟ್ಟರೆ ಬೇರೇನೂ ಕೂರಲಿಲ್ಲ.

ಆ ಸ್ಟವ್ ಹಳೆಯದಾಗಿ ಈ ವರ್ಷ ಹೊಸದು ಬೇಕಾಯಿತು. ಜೊತೆಗೆ ಮಗಳಿಗೆ ಓವನ್ ಬೇಕಿತ್ತು. ಈ ಸಲ ಅಂಗಡಿಗೆ ಹೋಗುವ ಮುಂಚೆ ಅಡುಗೆಮನೆಯಲ್ಲೇ ಅರ್ಧ ಗಂಟೆ ಅಳತೆ ತೆಗೆದೆವು. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ಪಾತ್ರೆ, ಆಮೇಲೆ ಸ್ಟವ್

ದಿನಾ ಬಳಸುವ ಪಾತ್ರೆಗಳನ್ನೆಲ್ಲ ಕಟ್ಟೆಯ ಮೇಲೆ ಇಡಿ. ಕುಕ್ಕರ್, ದೋಸೆ ಕಾವಲಿ ಅಥವಾ ರೊಟ್ಟಿ ಹಂಚು, ಸಾರಿನ ಪಾತ್ರೆ, ಇಡ್ಲಿ ಪಾತ್ರೆ, ಮುದ್ದೆ ಮಾಡುವ ಪಾತ್ರೆ. ಒಂದು ಸ್ಕೇಲ್ ಅಥವಾ ಟೇಪ್ ತಗೊಂಡು ಪ್ರತಿಯೊಂದರ ಅಗಲ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ತಳದ ಅಗಲ ಮಾತ್ರ ಸಾಲದು, ಎಲ್ಲಿ ಜಾಸ್ತಿ ಅಗಲ ಇದೆಯೋ ಅಲ್ಲಿಯೂ ಅಳೆಯಿರಿ.

ನಮ್ಮ ಕಾವಲಿ 30 ಸೆಂಟಿಮೀಟರ್. ಕುಕ್ಕರ್ 24. ಬೆಳಗ್ಗೆ ಇವೆರಡೂ ಪಕ್ಕಪಕ್ಕ ಇರಲೇಬೇಕು. ಕಾವಲಿಯ ಅರ್ಧ 15, ಕುಕ್ಕರ್‌ನ ಅರ್ಧ 12, ಒಟ್ಟು 27. ನಡುವೆ ದೋಸೆ ಮಗುಚುವ ಸಟ್ಟುಗ ಆಡಲು ನಾಲ್ಕೈದು ಸೆಂಟಿಮೀಟರ್ ಬೇಕು. ಅಂದರೆ ಒಂದು ಬರ್ನರ್‌ನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಕನಿಷ್ಠ 31, 32 ಸೆಂಟಿಮೀಟರ್ ಇರಬೇಕು. ಅಂಗಡಿಯವರು ಸ್ಟವ್‌ನ ಒಟ್ಟು ಉದ್ದ ಹೇಳುತ್ತಾರೆ. ನಮಗೆ ಬೇಕಾದ್ದು ಬರ್ನರ್‌ಗಳ ನಡುವಿನ ದೂರ. ಟೇಪ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಅಲ್ಲೇ ಅಳೆಯಿರಿ, ಸಂಕೋಚ ಬೇಡ.

ಈ ಲೆಕ್ಕ ಹಾಕಿದರೆ ಎಷ್ಟು ಒಲೆ ಬೇಕು ಅನ್ನುವುದೂ ತಾನಾಗಿ ತಿಳಿಯುತ್ತದೆ. ಮೂರ್ನಾಲ್ಕು ಜನರ ಮನೆಗೆ, ದೂರ ದೂರ ಇರುವ ಎರಡು ಬರ್ನರ್‌ಗಳ ಸ್ಟವ್ ಒತ್ತೊತ್ತಾದ ಮೂರು ಒಲೆಗಿಂತ ಎಷ್ಟೋ ವಾಸಿ. ಮೂರನೆಯದು ಬೇಕೇ ಬೇಕು ಅಂದರೆ ಸ್ಟವ್ 70 ಸೆಂಟಿಮೀಟರ್‌ಗಿಂತ ಉದ್ದ ಇರಲಿ. ನಿಮ್ಮ ಕಟ್ಟೆಯಲ್ಲಿ ಅಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಮನೆಯ ಅಡುಗೆಯೇ ಬರ್ನರ್ ಆರಿಸಲಿ

ಜೋಳದ ರೊಟ್ಟಿ ಮಾಡುವ ಮನೆಗೆ ಅಗಲವಾಗಿ ಹರಡುವ ಉರಿ ಬೇಕು. ಸಣ್ಣ ಬರ್ನರ್ ಮೇಲೆ ದೊಡ್ಡ ಹಂಚಿಟ್ಟರೆ ನಡುವೆ ಕರಕಲಾಗುತ್ತದೆ, ಅಂಚು ಹಸಿಯಾಗಿಯೇ ಉಳಿಯುತ್ತದೆ. ರೊಟ್ಟಿ ಉಬ್ಬುವುದಿಲ್ಲ. ಒಳಗೊಂದು ಹೊರಗೊಂದು ಹೀಗೆ ಎರಡು ಸುತ್ತು ಉರಿ ಬರುವ ದೊಡ್ಡ ಬರ್ನರ್ ಇದಕ್ಕೆ ಸರಿ. ಹೋಳಿಗೆಗೆ ಇದರ ತದ್ವಿರುದ್ಧ. ಸಣ್ಣಗೆ, ಒಂದೇ ಸಮನಾಗಿ ಉರಿಯಬೇಕು. ಹಾಗಾಗಿ ಒಂದು ದೊಡ್ಡದು, ಒಂದು ಸಣ್ಣದು ಇರುವ ಸ್ಟವ್ ನಮ್ಮ ಅಡುಗೆಗೆ ಹೊಂದುತ್ತದೆ.

ಮುದ್ದೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅತ್ತೆ ಮುದ್ದೆ ತಿರುವುವಾಗ ಇಡೀ ಮೈಯ ಬಲ ಹಾಕುತ್ತಾರೆ. ಎಡಗೈಯಲ್ಲಿ ಇಕ್ಕಳದಿಂದ ಪಾತ್ರೆ ಹಿಡಿದು ಬಲಗೈಯಲ್ಲಿ ಕೋಲು ಒತ್ತಿ ತಿರುವುತ್ತಾರೆ. ಹಳೆ ಸ್ಟವ್‌ನ ಪಾತ್ರೆ ಇಡುವ ಸ್ಟ್ಯಾಂಡ್ ತೆಳುವಾಗಿತ್ತು. ಪ್ರತಿ ತಿರುವಿಗೂ ಅದು ಕಟಕಟ ಅಂತ ಅಲುಗಾಡುತ್ತಿತ್ತು, ಸ್ಟವ್ ಗಾಜಿನ ಸಮೇತ ಒಂದೊಂದು ಇಂಚು ಹಿಂದಕ್ಕೆ ಸರಿಯುತ್ತಿತ್ತು. ಕೊನೆಗೆ ಅವರು ಪಾತ್ರೆಯನ್ನು ನೆಲಕ್ಕಿಳಿಸಿ, ಕೂತು ತಿರುವಲು ಶುರು ಮಾಡಿದರು. 68 ವರ್ಷದವರು ದಿನಾ ಬಿಸಿ ಪಾತ್ರೆ ಕೆಳಗಿಳಿಸುವುದು ಅಂದರೆ ಸುಮ್ನೆ ಅಲ್ಲ.

ಅದಕ್ಕೇ ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿ. ಸ್ಟ್ಯಾಂಡ್‌ನ ಒಂದು ಕಾಲನ್ನು ಬೆರಳಿನಿಂದ ಒತ್ತಿ. ಇನ್ನೊಂದು ಕಾಲು ಮೇಲೆದ್ದರೆ ಆ ಸ್ಟವ್ ಬೇಡ. ಆಮೇಲೆ ಸ್ಟವ್‌ನ ಪಕ್ಕವನ್ನು ಅಂಗೈಯಿಂದ ತಳ್ಳಿ. ಕೆಳಗಿನ ರಬ್ಬರ್ ಕಾಲುಗಳು ಕಟ್ಟೆಯನ್ನು ಕಚ್ಚಿ ಹಿಡಿಯಬೇಕು. ಸಾಧ್ಯವಾದರೆ ನಿಮ್ಮ ಮುದ್ದೆ ಪಾತ್ರೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಇಟ್ಟು ನೋಡಿ. ನಾವು ಹಾಗೇ ಮಾಡಿದೆವು.

ಬರ್ನರ್ ಎತ್ತಿ ಕೈಯಲ್ಲಿ ತೂಗಿ ನೋಡಿ. ಹಿತ್ತಾಳೆಯದು ಭಾರವಾಗಿರುತ್ತದೆ, ಬಾಳಿಕೆ ಬರುತ್ತದೆ. ಅಲ್ಯುಮಿನಿಯಂ ಮಿಶ್ರಲೋಹದ್ದು ಹಗುರ, ಬೆಲೆ ಕಡಿಮೆ. ಮೇಲಿನ ಮುಚ್ಚಳ ಸುಲಭವಾಗಿ ಬಿಚ್ಚಿ ತೊಳೆಯುವಂತಿರಬೇಕು. ಹಾಲು ಉಕ್ಕದ ಮನೆ ಯಾವುದಿದೆ ಹೇಳಿ. ಉಕ್ಕಿದ ಹಾಲು ತೂತಿನಲ್ಲಿ ಒಣಗಿದರೆ ಉರಿ ಒಂದು ಕಡೆಗೆ ವಾಲುತ್ತದೆ.

ಗಾಜೋ, ಸ್ಟೀಲೋ

ಗಾಜಿನ ಸ್ಟವ್ ಒರೆಸಲು ಸುಲಭ, ನೋಡಲು ಚೆಂದ. ಅದು ಹದಗೊಳಿಸಿದ ಗಟ್ಟಿ ಗಾಜು, ಒಡೆದರೆ ಸಣ್ಣ ಸಣ್ಣ ಹರಳಾಗಿ ಬೀಳುತ್ತದೆ. ಬಿಸಿ ಇರುವಾಗ ತಣ್ಣೀರು ಚೆಲ್ಲಿದರೆ, ಭಾರದ ಪಾತ್ರೆ ಕುಕ್ಕಿದರೆ, ಅಥವಾ ತುಂಬಾ ಅಗಲದ ಪಾತ್ರೆ ಗಂಟೆಗಟ್ಟಲೆ ಇಟ್ಟು ಬಿಸಿ ಕೆಳಗೇ ನಿಂತರೆ ಒಡೆಯಬಹುದು. ಹಬ್ಬಕ್ಕೆ ದೊಡ್ಡ ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡುವವರಿಗೆ ನನ್ನ ಸಲಹೆ ಸ್ಟೇನ್‌ಲೆಸ್ ಸ್ಟೀಲ್. ಕರಾವಳಿಯ ಉಪ್ಪು ಗಾಳಿಗೂ ಅದೇ ಒಳ್ಳೆಯದು, ಬಣ್ಣ ಹಚ್ಚಿದ ತಗಡು ಬೇಗ ತುಕ್ಕು ಹಿಡಿಯುತ್ತದೆ. ಗಾಜೇ ಬೇಕು ಅಂದರೆ, ವಾರಂಟಿಯಲ್ಲಿ ಗಾಜೂ ಸೇರಿದೆಯಾ ಅಂತ ಕೇಳಿ, ಬರೆದು ಕೊಡಲು ಹೇಳಿ.

ಕಟ್ಟೆಯ ಕಲ್ಲು ಕೊರೆದು ಕೂರಿಸುವ ಹಾಬ್ ಈಗ ಹೊಸ ಫ್ಲ್ಯಾಟ್‌ಗಳಲ್ಲಿ ಜಾಸ್ತಿ. ಅದರ ಒಂದು ಅನುಕೂಲ ನಿಜ: ಪಾತ್ರೆ ಕೆಳಮಟ್ಟದಲ್ಲಿ ಕೂರುತ್ತದೆ, ಕುಳ್ಳಗಿರುವವರಿಗೆ ತಿರುವಲು ಸಲೀಸು. ಆದರೆ ಒಮ್ಮೆ ಕಲ್ಲು ಕೊರೆದರೆ ಮುಂದಿನ ಸಲವೂ ಅದೇ ಅಳತೆಯದ್ದನ್ನೇ ಹುಡುಕಬೇಕು. ಬಾಡಿಗೆ ಮನೆಯವರು ಆ ಕಡೆ ಹೋಗಬೇಡಿ.

ತಾನೇ ಹೊತ್ತಿಕೊಳ್ಳುವ ಸ್ಟವ್‌ಗೆ ಜಾಸ್ತಿ ದುಡ್ಡು ಕೊಡಬೇಕಾ? ನನ್ನ ಪ್ರಕಾರ ಬೇಡ. ಕಿಡಿ ಹೊಡೆಯುವ ಕಡ್ಡಿ ಒದ್ದೆಯಾದರೆ, ಜಿಡ್ಡು ಹಿಡಿದರೆ ಕಿಡಿ ಬರುವುದಿಲ್ಲ. ಕೊನೆಗೆ ಲೈಟರೇ ಗತಿ. ಆ ದುಡ್ಡನ್ನು ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲಿಸುವ ಸುರಕ್ಷತಾ ವ್ಯವಸ್ಥೆಗೆ ಹಾಕಿ. ಬರ್ನರ್ ಪಕ್ಕದ ಒಂದು ಸಣ್ಣ ಕಡ್ಡಿ ಉರಿಯ ಬಿಸಿಯನ್ನು ಗಮನಿಸುತ್ತಿರುತ್ತದೆ. ಹಾಲು ಉಕ್ಕಿ ಉರಿ ನಂದಿದರೆ ಸ್ವಲ್ಪ ಹೊತ್ತಿನಲ್ಲೇ ಗ್ಯಾಸ್ ಬಂದ್. ಮರೆವಿನ ಹಿರಿಯರಿರುವ ಮನೆಗೆ ಇದು ಇರಲೇಬೇಕು. ಹೊತ್ತಿಸುವಾಗ ನಾಬ್ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕಾಗುತ್ತದೆ, ಅದನ್ನು ಅವರಿಗೆ ಒಮ್ಮೆ ತೋರಿಸಿಕೊಡಿ.

ಗುರುತು ನೋಡದೆ ದುಡ್ಡು ಕೊಡಬೇಡಿ

ಗ್ಯಾಸ್ ಸ್ಟವ್ ಮೇಲೆ ಐಎಸ್‌ಐ ಗುರುತು, ಅದರ ಜೊತೆ ಐಎಸ್ 4246 ಅಂತ ಇರಬೇಕು. ಎಲ್‌ಪಿಜಿ ಸ್ಟವ್‌ಗೆ ಇರುವ ಮಾನದಂಡ ಇದು. ಉರಿದ ಗ್ಯಾಸಿನ ಶಾಖದಲ್ಲಿ ಕನಿಷ್ಠ 68 ಶೇಕಡಾ ಪಾತ್ರೆಗೆ ತಲುಪಬೇಕು ಅಂತ ಅದು ಹೇಳುತ್ತದೆ. ಸ್ಟಾರ್ ಲೇಬಲ್ ಇದ್ದರೆ ಅದನ್ನೂ ನೋಡಿ. ಸ್ಟಾರ್ ಹೆಚ್ಚಿದ್ದಷ್ಟೂ 14.2 ಕಿಲೋ ಸಿಲಿಂಡರ್ ಜಾಸ್ತಿ ದಿನ ಬರುತ್ತದೆ.

ಬೆಂಗಳೂರಿನಂಥ ಊರುಗಳಲ್ಲಿ ಈಗ ಪೈಪ್ ಗ್ಯಾಸ್ ಬಂದಿದೆ. ನಿಮ್ಮ ಬೀದಿಗೂ ಬರುವುದಿದ್ದರೆ ಮೊದಲೇ ಹೇಳಿ. ಎಲ್‌ಪಿಜಿ ಸ್ಟವ್‌ನ ಜೆಟ್‌ನ, ಅಂದರೆ ಬರ್ನರ್‌ಗೆ ಗ್ಯಾಸ್ ಬಿಡುವ ಪುಟ್ಟ ಮೂತಿಯ, ತೂತು ಸಣ್ಣದು. ಪೈಪ್ ಗ್ಯಾಸ್‌ಗೆ ದೊಡ್ಡ ತೂತು ಬೇಕು. ಎರಡಕ್ಕೂ ಜೆಟ್ ಬದಲಿಸಿಕೊಡುವ ಸ್ಟವ್ ಆರಿಸಿದರೆ ಮುಂದೆ ತೊಂದರೆ ಇಲ್ಲ. ಜೆಟ್ ಬದಲಿಸುವ ಕೆಲಸ ಮೆಕ್ಯಾನಿಕ್‌ನದೇ, ನಾವೇ ಸೂಜಿ ಹಾಕಿ ತೂತು ದೊಡ್ಡದು ಮಾಡಬಾರದು.

ಇಂಡಕ್ಷನ್ ಇಟ್ಟುಕೊಳ್ಳುವುದಾದರೆ

ಸಿಲಿಂಡರ್ ಖಾಲಿಯಾದ ದಿನಕ್ಕೆ ಒಂದು ಇಂಡಕ್ಷನ್ ಒಲೆ ಇದ್ದರೆ ಧೈರ್ಯ. ಕೊಳ್ಳುವ ಮುಂಚೆ ಫ್ರಿಜ್ ಮೇಲಿನ ಆಯಸ್ಕಾಂತ ತೆಗೆದು ನಿಮ್ಮ ಪಾತ್ರೆಗಳ ತಳಕ್ಕೆ ಅಂಟಿಸಿ ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಆ ಪಾತ್ರೆ ನಡೆಯುತ್ತದೆ. ಅಲ್ಯುಮಿನಿಯಂ, ತಾಮ್ರ, ಕಲ್ಲಿನ ಪಾತ್ರೆ ನಡೆಯುವುದಿಲ್ಲ. ಕಬ್ಬಿಣದ ಕಾವಲಿ ನಡೆಯುತ್ತದೆ, ಆದರೆ ತಳ ಸಪಾಟಾಗಿರಬೇಕು.

2000 ವ್ಯಾಟ್‌ನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್‌ನ ಸಣ್ಣ ಪ್ಲಗ್ ಅದಕ್ಕೆ ಸಾಲದು, 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು. ಓವನ್‌ಗೂ ಇದೇ ಮಾತು. ಕರೆಂಟ್ ಬಿಲ್ ತೆಗೆದು ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ 2, ಓವನ್ ಒಂದೂವರೆ. ಮೂರನ್ನೂ ಒಟ್ಟಿಗೆ ಹಾಕಿದರೆ ಐದೂವರೆ ಆಯಿತು, ಅಲ್ವಾ? ಹಳೆ ಮನೆಯಾದರೆ ಎಲೆಕ್ಟ್ರಿಶಿಯನ್ ಕರೆಸಿ ವೈರಿಂಗ್ ಮತ್ತು ಅರ್ಥಿಂಗ್ ತೋರಿಸಿದ ಮೇಲೆಯೇ ಓವನ್ ಕೊಳ್ಳಿ.

ಓವನ್ ಯಾತಕ್ಕೆ ಬೇಕು?

ಈ ಪ್ರಶ್ನೆಗೆ ಮನೆಯವರೆಲ್ಲ ಸೇರಿ ಉತ್ತರ ಕಂಡುಕೊಳ್ಳಿ. ನಿನ್ನೆಯ ಸಾರು, ಅನ್ನ ಬಿಸಿ ಮಾಡಲು ಅಷ್ಟೇ ಆದರೆ ಸಾದಾ ಮೈಕ್ರೋವೇವ್ ಸಾಕು. ಅದು ಆಹಾರದ ಒಳಗಿನ ನೀರಿನಂಶವನ್ನು ಬಿಸಿ ಮಾಡುತ್ತದೆ. ಹಾಗಾಗಿ ಬೇಗ ಬಿಸಿಯಾಗುತ್ತದೆ, ಆದರೆ ಮೇಲ್ಭಾಗ ಕೆಂಪಗೆ ಗರಿಗರಿ ಆಗುವುದಿಲ್ಲ. ಸ್ಟೀಲ್ ಡಬ್ಬಿ ಅದರಲ್ಲಿ ಇಡುವಂತಿಲ್ಲ.

ಕೇಕ್, ಬನ್ನು, ಖಾರಾ ಬಿಸ್ಕತ್ತು ಮಾಡುವ ಆಸೆ ಇದ್ದರೆ ಓಟಿಜಿ ತಗೊಳ್ಳಿ. ಮೇಲೆ ಕೆಳಗೆ ಕೆಂಡದ ಹಾಗೆ ಕಾಯುವ ಕಂಬಿ ಇರುವ, ನೋಡಲು ಸರಳವಾದ ಪೆಟ್ಟಿಗೆ ಅದು. ಎರಡೂ ಕೆಲಸ ಒಂದರಲ್ಲೇ ಬೇಕೆನ್ನುವವರಿಗೆ ಕನ್ವೆಕ್ಷನ್ ಮೈಕ್ರೋವೇವ್ ಇದೆ, ಬೆಲೆ ಜಾಸ್ತಿ. ನಾವು ಓಟಿಜಿ ತಂದೆವು. ಕಲಿಯುವ ಮಕ್ಕಳಿಗೆ ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಗಾಜಿನ ಬಾಗಿಲಿನ ಆಚೆ ಕೇಕ್ ಉಬ್ಬುವುದು, ಕಂಬಿ ಕೆಂಪಾಗುವುದು ಎಲ್ಲ ಕಣ್ಣಿಗೆ ಕಾಣುತ್ತದೆ.

ಇಲ್ಲಿಯೂ ಅಳತೆಯೇ ಮುಖ್ಯ. ಲೀಟರ್ ಲೆಕ್ಕ ನಂಬಿಕೊಂಡು ಕೂರಬೇಡಿ, ಬಾಗಿಲು ತೆಗೆದು ಒಳಗೆ ಟೇಪ್ ಹಿಡಿಯಿರಿ. ಮಾಮೂಲಿ 8 ಇಂಚಿನ ಕೇಕ್ ಡಬ್ಬಿ 20 ಸೆಂಟಿಮೀಟರ್ ಅಗಲ. ಸುತ್ತ ಬಿಸಿ ಗಾಳಿ ಓಡಾಡಲು ಎರಡೂ ಬದಿಗೆ ನಾಲ್ಕೈದು ಸೆಂಟಿಮೀಟರ್ ಬಿಡಿ. ಒಳಗಿನ ಅಗಲ, ಆಳ ಎರಡೂ 28 ರಿಂದ 30 ಸೆಂಟಿಮೀಟರ್ ಇರಲಿ. ಎತ್ತರವೂ ಬೇಕು, ಇಲ್ಲದಿದ್ದರೆ ಉಬ್ಬಿದ ಕೇಕ್ ಮೇಲಿನ ಕಂಬಿಯ ಹತ್ತಿರ ಹೋಗಿ ಸೀದುಹೋಗುತ್ತದೆ. ಮೇಲಿನ ಕಂಬಿ, ಕೆಳಗಿನ ಕಂಬಿ ಬೇರೆ ಬೇರೆಯಾಗಿ ಹಾಕಲು ಬರುವ ನಾಬ್ ಇದೆಯಾ ನೋಡಿ. ಕೋಳಿ ತಿರುಗಿಸುವ ಸರಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಕರೆಂಟ್ ಖರ್ಚಿನ ಭಯ ಅಷ್ಟೊಂದು ಬೇಡ. 1500 ವ್ಯಾಟ್‌ನ ಓಟಿಜಿ ಒಂದು ಗಂಟೆ ಪೂರ್ತಿ ಉರಿದರೂ ಒಂದೂವರೆ ಯೂನಿಟ್. ಸಾಕಷ್ಟು ಕಾದ ಮೇಲೆ ಕಂಬಿ ಆಗಾಗ ಆರಿ ಹೊತ್ತುವುದರಿಂದ ನಿಜವಾಗಿ ಅದಕ್ಕಿಂತ ಕಡಿಮೆಯೇ ಬರುತ್ತದೆ. ಒಂದು ಸಣ್ಣ ಓವನ್ ಥರ್ಮಾಮೀಟರ್ ಮಾತ್ರ ಜೊತೆಗೇ ಕೊಳ್ಳಿ. ನಾಬ್ 180 ತೋರಿಸಿದಾಗ ನಮ್ಮ ಓವನ್ ಒಳಗೆ ಇದ್ದದ್ದು 160. ಮೊದಲ ಎರಡು ಕೇಕ್ ನಡುವೆ ಹಸಿಯಾಗಿ ಉಳಿದದ್ದು ಯಾಕೆ ಅಂತ ಆಗ ತಿಳಿಯಿತು. ಮಗಳು ತನ್ನ ಕೈಯೇ ಸರಿಯಿಲ್ಲ ಅಂತ ಅತ್ತಿದ್ದಳು.

ಮನೆಗೆ ಬಂದ ಮೇಲೆ

ಓವನ್‌ನ ಹಿಂದೆ, ಪಕ್ಕ ನಾಲ್ಕು ಬೆರಳಿಗಿಂತ ಜಾಸ್ತಿ ಜಾಗ ಬಿಟ್ಟು ಇಡಿ. ಮೊದಲ ಸಲ ಏನೂ ಇಡದೆ ಹದಿನೈದು ಇಪ್ಪತ್ತು ನಿಮಿಷ ಜೋರಾಗಿ ಕಾಯಿಸಿ. ಹೊಸ ಕಂಬಿಯ ವಾಸನೆ, ಸ್ವಲ್ಪ ಹೊಗೆ ಬರುತ್ತದೆ. ಕಿಟಕಿ ತೆಗೆದಿಟ್ಟರೆ ಆಯಿತು.

ಸ್ಟವ್ ಯಾವಾಗಲೂ ಸಿಲಿಂಡರ್‌ಗಿಂತ ಎತ್ತರದಲ್ಲಿರಬೇಕು, ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಹೊಸ ಸ್ಟವ್‌ಗೆ ಹಳೆ ಪೈಪ್ ಹಾಕಬೇಡಿ. ಗ್ಯಾಸ್ ಏಜೆನ್ಸಿಯಲ್ಲಿ ಸಿಗುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ತನ್ನಿ. ಅದರ ಆಯಸ್ಸು 5 ವರ್ಷ. ಜೋಡಿಸಿದ ಮೇಲೆ ಸೋಪಿನ ನೊರೆಯನ್ನು ಎರಡೂ ತುದಿಗೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ. ಕಡ್ಡಿ ಗೀರಿ ನೋಡುವ ಅಭ್ಯಾಸ ಕೆಲವರಿಗೆ ಇನ್ನೂ ಇದೆ, ದಯವಿಟ್ಟು ಹಾಗೆ ಮಾಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ತುಂಬಿಕೊಂಡಿರುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ. ಲೈಟು, ಫ್ಯಾನಿನ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಈಗ ಹೊತ್ತಿಸಿ. ಉರಿ ನೀಲಿಯಾಗಿ, ಸುತ್ತಲೂ ಒಂದೇ ಎತ್ತರದಲ್ಲಿ ಬರಬೇಕು. ಹಳದಿ ಉರಿ ಬಂದು ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸರಿಯಾಗಿ ಬೆರೆಯುತ್ತಿಲ್ಲ. ವಾರಂಟಿ ಇರುವಾಗಲೇ ಕರೆಸಿ ಸರಿ ಮಾಡಿಸಿ. ಕೊನೆಗೆ ಪೈಪ್ ಹಾಕಿದ ತಿಂಗಳು, ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಸಿಲಿಂಡರ್ ಗೂಡಿನ ಬಾಗಿಲ ಒಳಗೆ ಅಂಟಿಸಿ. ಸಿಲಿಂಡರ್ ಬದಲಿಸುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ.