ಮೂರನೇ ಸಲಕ್ಕೆ ಒಲಿದ ಇಟ್ಟಿಗೆ ಗೋಡೆ

ನಮ್ಮ ಹಾಲ್‌ನ ಗೋಡೆ ಹತ್ತಡಿ ಅಗಲ, ಒಂಬತ್ತಡಿ ಎತ್ತರ. ಇಟ್ಟಿಗೆ ಕ್ಲಾಡಿಂಗ್ (ಇಟ್ಟಿಗೆಯಂತೆ ಕಾಣುವ ತೆಳು ಹೊದಿಕೆ) ಅಂಟಿಸೋಕೆ ಮೇಸ್ತ್ರಿ ಹದಿನಾರು ಸಾವಿರ ಕೇಳಿದರು. ಬಣ್ಣದಲ್ಲೇ ಇಟ್ಟಿಗೆ ಬರೆಯುತ್ತೇನೆ ಅಂದೆ. "ನಾಟಕದ ಪರದೆ ಮಾಡ್ತೀಯೇನೋ?" ಅಂತ ಭಾವ ನಕ್ಕರು.

ಮೊದಲ ಸಲ ಆದದ್ದೂ ಪರದೆಯೇ. ಸ್ಪಂಜನ್ನು ಇಟ್ಟಿಗೆಯಳತೆಗೆ ಕತ್ತರಿಸಿ ಒಂದೇ ಕೆಂಪಿನಲ್ಲಿ ಒತ್ತಿದೆ. ಸ್ಪಂಜಿನ ಒಂದು ತೂತು ಎಲ್ಲ ಇಟ್ಟಿಗೆಯ ಅದೇ ಮೂಲೆಯಲ್ಲಿ ಮೂಡಿತು! ಎರಡನೇ ಸಲ ಟೇಪ್ ಅಂಟಿಸಿ, ಬಣ್ಣ ಒಣಗಲಿ ಅಂತ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಎಳೆದರೆ ಗೋಡೆಗೆ ನುಣುಪಿಗೆ ಬಳಿದಿದ್ದ ಪುಟ್ಟಿ ಸಮೇತ ಹಪ್ಪಳದ ಹಾಗೆ ಎದ್ದು ಬಂತು. ಎರಡೂವರೆ ಸಾವಿರ ಹೋಯ್ತು.

ಆಮೇಲೆ ಪಕ್ಕದ ಬೀದಿಯಲ್ಲಿ ಕಟ್ಟುತ್ತಿದ್ದ ಮನೆ ಎದುರು ಅರ್ಧ ಗಂಟೆ ಸುಮ್ನೆ ನಿಂತೆ. ಗೂಡಿನಲ್ಲಿ ಬೆಂಕಿಗೆ ಹತ್ತಿರ ಇದ್ದ ಇಟ್ಟಿಗೆ ಕಪ್ಪು ತಿರುಗಿದೆ, ಅರೆಬೆಂದದ್ದು ಕಿತ್ತಳೆ. ನನ್ನ ತಪ್ಪು ಅಲ್ಲೇ ಗೊತ್ತಾಯ್ತು.

ಮೂರನೇ ಸಲ ಗಾರೆಯ ಬಣ್ಣ ಬರಲಿ ಅಂತ ಬೂದು ಎಮಲ್ಷನ್ ಪೇಂಟ್‌ಗೆ ಜರಡಿ ಹಿಡಿದ ಮರಳು ಬೆರೆಸಿ ಹೊಡೆದೆ. ಲೀಟರಿಗೆ ಎರಡು ಹಿಡಿ ಸಾಕು, ಜಾಸ್ತಿಯಾದರೆ ಟೇಪ್ ಕೂರಲ್ಲ. ಎರಡು ದಿನ ಬಿಟ್ಟು ಅರ್ಧ ಇಂಚಿನ ಟೇಪ್. ಅಡ್ಡದ್ದು ಮೊದಲು, ನಿಲುವಿನ ತುಂಡು ಅದರ ಮೇಲೆ. ಆಗ ಅಡ್ಡದ್ದನ್ನು ಎಳೆದರೆ ತುಂಡುಗಳೂ ಜೊತೆಗೇ ಬರುತ್ತವೆ. 31 ವರಸೆ, 9 ಇಂಚು ಉದ್ದ 3 ಇಂಚು ಎತ್ತರದ ಇಟ್ಟಿಗೆ ಹತ್ತಿರ ಹತ್ತಿರ 400. 20 ಮೀಟರಿನ ಏಳು ಸುರುಳಿ ಖಾಲಿ.

ಬಣ್ಣಕ್ಕೆ ಅಕ್ರಿಲಿಕ್ ಪುಟ್ಟಿ ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದೆ. ಪುಟ್ಟಿ ಸೇರಿದರೆ ಕೆಂಪು ಪೇಲವವಾಗುತ್ತೆ, ಬಣ್ಣ ಗಾಢವಾಗಿಸುವ ಸ್ಟೇನರ್ ಕೈಬಿಚ್ಚಿ ಹಾಕಿ. ನಾಲ್ಕು ತಟ್ಟೆ, ನಾಲ್ಕು ಬಣ್ಣ. ನಾಲ್ಕನೆಯದರಲ್ಲಿ ಏನಿತ್ತು ಅಂತ ಹೇಳಲ್ಲ, ಅಡುಗೆಮನೆಯ ಸಾಮಾನು ಅಷ್ಟೇ. ಮೂರು ವರಸೆ ತಟ್ಟಿದ ಕೂಡಲೇ ಹಸಿ ಇರುವಾಗಲೇ ಟೇಪ್ ಎಳೆದೆ.

ನಡುವೆ ನಿಜವಾದ ಇಟ್ಟಿಗೆ ಕುಟ್ಟಿ, ಪುಡಿ ಸೋಸಿ ಬಣ್ಣಕ್ಕೆ ಸುರಿದೂ ನೋಡಿದೆ. ನೋಡೋಕೆ ಸೊಗಸು. ಆದರೆ ಒರಗಿ ಕೂತ ಅಪ್ಪನ ಬಿಳಿ ಪಂಚೆ ಕೆಂಪಾಯ್ತು. ಆ ಹತ್ತು ಇಟ್ಟಿಗೆ ಕೆರೆದು ಮತ್ತೆ ಹೊಡೆದೆ.

ಕೊನೆಗೆ ನೆರಳು. ನಮ್ಮ ಕಿಟಕಿ ಎಡಕ್ಕಿದೆ. ಹಾಗಾಗಿ ಇಟ್ಟಿಗೆಯ ಬಲಕ್ಕೂ ಕೆಳಕ್ಕೂ ಮಾತ್ರ ನೀರು ಬೆರೆಸಿದ ಕಪ್ಪಿನ ಸಣ್ಣ ಗೆರೆ. ನಾಲ್ಕು ಸಂಜೆ ಹಿಡಿಯಿತು, ಕತ್ತು ಹಿಡಿದದ್ದು ಬೇರೆ. ಹಳೇ ದಂಡ ಬಿಟ್ಟರೆ ಈ ಸಲದ ಖರ್ಚು ಮೂರೂವರೆ ಸಾವಿರದ ಆಸುಪಾಸು.

ಭಾವ ಬಂದವರು ಮಾತಾಡದೆ ಉಗುರಿನಿಂದ ಗೀರಿ ನೋಡಿದರು. ಸ್ವಿಚ್‌ಬೋರ್ಡ್ ಪಕ್ಕದ ವರಸೆಯೊಂದು ಸೊಟ್ಟ ಹೋಗಿದ್ದು ಅವರಿಗೆ ಕಾಣಲಿಲ್ಲ. ಅಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದೆ.